ನಿಮ್ಮ ಮುಲಾಮು, ಪಂಜರದ ಹಕ್ಕಿ

ಇಸುಬು, ಗಜಕರ್ಣ, ಮಂಡಿನೋವು ಎಂದು ಮುಲಾಮು ಹಚ್ಚಿಕೊಂಡು, ಅದೇ ಕೈಯಲ್ಲಿ ಲವ್ ಬರ್ಡ್ಸ್‌ಗೆ ಕಾಳು ಹಾಕುವ ಅಭ್ಯಾಸ ದೇವರಾಯಸಮುದ್ರದಲ್ಲೂ ಒಂದೇ, ಬೆಂಗಳೂರಿನಲ್ಲೂ ಒಂದೇ. ಔಷಧಿ ಇರುವುದು ನಮ್ಮ ಚರ್ಮದ ಮೇಲಲ್ಲವೇ, ಹಕ್ಕಿಗೇನು ತೊಂದರೆ ಎಂದು ನೀವು ಕೇಳಬಹುದು.

ತೊಂದರೆ ಇದೆ. ಈ ಪುಟ್ಟ ಹಕ್ಕಿಯ ತೂಕ ತೀರಾ ಕಡಿಮೆ. 60 ಕಿಲೋ ತೂಗುವ ನಮಗೆ ಲೆಕ್ಕಕ್ಕೇ ಬಾರದಷ್ಟು ಔಷಧಿ ಅದಕ್ಕೆ ವಿಷವಾಗಬಹುದು. ನಿಮ್ಮ ಕೈ ಮೇಲೆ, ಭುಜದ ಮೇಲೆ ಕುಳಿತಾಗ ಮುಲಾಮು ಅದರ ಗರಿಗೆ, ಕಾಲಿಗೆ ಅಂಟುತ್ತದೆ. ಕೊಕ್ಕಿನಿಂದ ಗರಿ ತೀಡಿಕೊಳ್ಳುವಾಗ ಹೊಟ್ಟೆಗೆ ಸೇರುತ್ತದೆ. ಸ್ಟಿರಾಯ್ಡ್ ಮುಲಾಮು ಹಕ್ಕಿಯ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಜಿಡ್ಡು ಹತ್ತಿದ ಗರಿ ಮೈಯ ಶಾಖವನ್ನು ಕಾಪಾಡಲಾರದು.

ನೋವಿನ ಜೆಲ್‌ಗಳಲ್ಲಿರುವ ಡೈಕ್ಲೊಫೆನಾಕ್ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ದನಗಳಿಗೆ ಕೊಟ್ಟ ಈ ಔಷಧಿ, ಅವುಗಳ ಕಳೇಬರ ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಕೊಂದಿತು. 2006ರಲ್ಲಿ ಭಾರತ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿತು.

ಹಾಗೆಂದು ನಿಮ್ಮ ಔಷಧಿ ನಿಲ್ಲಿಸಬೇಡಿ. ಹಚ್ಚಿದ ಜಾಗವನ್ನು ಬಟ್ಟೆಯಿಂದ ಮುಚ್ಚಿ, ಸೋಪಿನಿಂದ ಕೈ ತೊಳೆದು, ಆಮೇಲೆ ಹಕ್ಕಿಯನ್ನು ಮುಟ್ಟಿ. ಪಂಜರವಿರುವ ಕೋಣೆಯಲ್ಲಿ ಸ್ಪ್ರೇ ಬಳಸಬೇಡಿ. ನಿಮ್ಮ ಮುಲಾಮನ್ನು ಹಕ್ಕಿಯ ಗಾಯಕ್ಕೆ ಹಚ್ಚಲೇಬೇಡಿ. ಹಕ್ಕಿ ಗರಿ ಕೆದರಿಕೊಂಡು ಮಂಕಾಗಿ ಕುಳಿತರೆ, ಕಾಳು ಬಿಟ್ಟರೆ, ಮುಲಾಮಿನ ಟ್ಯೂಬನ್ನೂ ಜೊತೆಗಿಟ್ಟುಕೊಂಡು ತಡಮಾಡದೆ ಪಶುವೈದ್ಯರ ಬಳಿ ಹೋಗಿ.