ಹುಳಿ ಮಣ್ಣಿನಲ್ಲಿ ಮೊಂಡಾಗುವ ಬೇರು

ಗೊಬ್ಬರ ಹಾಕಿದರೂ ಗಿಡ ಏಳುತ್ತಿಲ್ಲ, ನಾಲ್ಕು ದಿನ ಮಳೆ ನಿಂತರೆ ಬಾಡುತ್ತದೆ ಎಂಬ ದೂರು ಮಲೆನಾಡು, ಕರಾವಳಿಯ ಕೃಷಿಕರಿಂದ ಆಗಾಗ ಕೇಳಿಬರುತ್ತದೆ. ಎಲೆಯಲ್ಲಿ ಹುಳವಿಲ್ಲ, ಕಾಂಡದಲ್ಲಿ ರೋಗವಿಲ್ಲ. ಗಿಡ ಕಿತ್ತು ನೋಡಿದರೆ ಮಾತ್ರ ಗುಟ್ಟು ಬಯಲು: ಬೇರು ಗಿಡ್ಡ, ದಪ್ಪ, ಕಂದು, ಎಳೆಯ ಕವಲುಬೇರುಗಳೇ ಇಲ್ಲ. ಇಂತಹ ಕಡೆ ಮೊದಲು ಅನುಮಾನಿಸಬೇಕಾದದ್ದು ಅಲ್ಯೂಮಿನಿಯಂ ಅನ್ನು.

ಭೂಮಿಯ ಹೊರಪದರದ ತೂಕದಲ್ಲಿ ಅಲ್ಯೂಮಿನಿಯಂನ ಪಾಲು ಸುಮಾರು ಶೇ. 8. ಆಮ್ಲಜನಕ, ಸಿಲಿಕಾನ್‌ಗಳ ನಂತರದ ಸ್ಥಾನ ಇದರದೇ. ನಮ್ಮ ಹೇರೋಹಳ್ಳಿಯ ಕೆಂಪು ಮಣ್ಣಿನಲ್ಲೂ ಇದೆ. ಹಾಗಾದರೆ ಇಲ್ಲಿನ ಗಿಡಗಳು ಚೆನ್ನಾಗಿ ಬೆಳೆಯುವುದು ಹೇಗೆಂದು ವಿದ್ಯಾರ್ಥಿಗಳು ಕೇಳಬಹುದು. ಇದ್ದರಷ್ಟೇ ಸಾಲದು, ಕರಗಬೇಕು. ಜೇಡಿಮಣ್ಣಿನ ಖನಿಜಗಳಲ್ಲಿ ಸೆರೆಯಾಗಿರುವವರೆಗೆ ಅದು ನಿರುಪದ್ರವಿ. ಮಣ್ಣಿನ ರಸಸಾರ, ಅಂದರೆ ಪಿಎಚ್, 5.5ಕ್ಕಿಂತ ಮೇಲಿದ್ದರೆ ಚಿಂತೆಯಿಲ್ಲ. 5ಕ್ಕಿಂತ ಕೆಳಗಿಳಿದರೆ ಮೂರು ಧನ ವಿದ್ಯುದಂಶ ಹೊತ್ತ ಅಯಾನಾಗಿ ಮಣ್ಣಿನ ನೀರಿಗೆ ಇಳಿಯುತ್ತದೆ. ಹುಣಸೆ ಹಿಂಡಿದ ಸಾರನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಬಿಡಬಾರದೆಂದು ಬಲ್ಲ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಣ್ಣನ್ನು ಹುಳಿಯಾಗಿಸುವುದು ಮುಖ್ಯವಾಗಿ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಬೆಂಗಳೂರಿನ ಪಾಲು ಸಾವಿರದ ಒಳಗೆ-ಹೊರಗೆ. ಅಷ್ಟು ನೀರು ಶತಮಾನಗಳ ಕಾಲ ಇಳಿದಾಗ ಕ್ಯಾಲ್ಸಿಯಂ, ಮೆಗ್ನೀಷಿಯಂ, ಪೊಟ್ಯಾಶಿಯಂ ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿಯುತ್ತವೆ. ಕರಾವಳಿಯವರು ಮನೆ ಕಟ್ಟುವ ಮುರಕಲ್ಲು ಹುಟ್ಟಿದ್ದೂ ಹೀಗೆಯೇ. ಮೈಸೂರು, ಕೆನರಾ, ಮಲಬಾರು ಸುತ್ತಿದ್ದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಸಾಲದೆಂಬಂತೆ ಅಮೋನಿಯಂ ಸಲ್ಫೇಟ್, ಯೂರಿಯಾಗಳೂ ಮಣ್ಣಿನ ಹುಳಿ ಹೆಚ್ಚಿಸುತ್ತವೆ. ಗಿಡ ಏಳಲಿಲ್ಲವೆಂದು ರೈತ ಮತ್ತೊಂದು ಮೂಟೆ ಸುರಿದರೆ ಆಗುವುದೇನೆಂದು ಊಹಿಸಿ.

ಈಗ ಜೀವಕೋಶದೊಳಗೆ ಇಳಿಯೋಣ. ಪೆಟ್ಟು ಬೀಳುವುದು ಬೇರಿನ ತುದಿಯ ಕೆಲವೇ ಮಿಲಿಮೀಟರ್ ಭಾಗಕ್ಕೆ. ಬೇರು ಉದ್ದವಾಗುವುದೂ ಅಲ್ಲಿಯೇ. ಕೋಶಭಿತ್ತಿಯ ಪೆಕ್ಟಿನ್‌ನಲ್ಲಿ ಋಣ ವಿದ್ಯುದಂಶದ ತಾಣಗಳಿರುತ್ತವೆ. ಅಲ್ಲಿ ಕೂತಿರುವ ಕ್ಯಾಲ್ಸಿಯಂ ಅನ್ನು ಅಲ್ಯೂಮಿನಿಯಂ ತಳ್ಳಿ ತಾನು ಕೂರುತ್ತದೆ. ಭಿತ್ತಿ ಬಿರುಸಾಗುತ್ತದೆ, ಹಿಗ್ಗಲಾರದು. ಅದರ ಒಳಗಿನ ಕೋಶಪೊರೆಗೂ ಅಂಟಿ, ಕ್ಯಾಲ್ಸಿಯಂ ಒಳಬರುವ ದಾರಿಗಳನ್ನು ಮುಚ್ಚುತ್ತದೆ. ಕೋಶಗಳು ಗಾಯಕ್ಕೆ ಹಾಕುವ ಬಿರಟೆಯಂತಿರುವ ಕ್ಯಾಲೋಸ್ ಎಂಬ ವಸ್ತುವನ್ನು ಕಟ್ಟಿಕೊಳ್ಳುತ್ತವೆ. ಆಗ ಕೋಶದಿಂದ ಕೋಶಕ್ಕೆ ಸಾಗಾಟ ಕುಂಠಿತ. ಕೋಶಕೇಂದ್ರ ತಲುಪಿದ ಅಲ್ಯೂಮಿನಿಯಂ ಡಿಎನ್‌ಎಗೆ ಅಂಟಿ ಕೋಶವಿಭಜನೆಗೂ ಅಡ್ಡಿ ಮಾಡುತ್ತದೆ. ಸೂಕ್ಷ್ಮ ಪ್ರಭೇದಗಳಲ್ಲಿ ಬೇರಿನ ಬೆಳವಣಿಗೆ ಒಂದೆರಡು ಗಂಟೆಯೊಳಗೇ ಕುಗ್ಗುವುದುಂಟು. ಮೇಲೆ ಎಲೆ ಮಾತ್ರ ಹಸಿರಾಗಿಯೇ ನಗುತ್ತಿರುತ್ತದೆ! ಇದರ ಜೊತೆಗೆ ರಂಜಕವನ್ನೂ ಅಲ್ಯೂಮಿನಿಯಂ ಮಣ್ಣಿನಲ್ಲೇ ಹಿಡಿದಿಡುವುದರಿಂದ ಗಿಡಕ್ಕೆ ಎರಡು ಕಡೆಯಿಂದ ಏಟು.

ಗಿಡಗಳು ಸುಮ್ಮನೆ ಸಾಯುವುದಿಲ್ಲ. ಹುಳಿಯಿಂದ ಬಂದ ಕಂಟಕಕ್ಕೆ ಹುಳಿಯೇ ಮದ್ದು! ಕೆಲವು ಗೋಧಿ ತಳಿಗಳು ಬೇರಿನ ತುದಿಯಿಂದ ಮ್ಯಾಲಿಕ್ ಆಮ್ಲವನ್ನು ಒಸರುತ್ತವೆ. ಅದು ಅಲ್ಯೂಮಿನಿಯಂ ಅನ್ನು ಹೊರಗೇ ಕಟ್ಟಿಹಾಕುತ್ತದೆ. ಇದಕ್ಕೆ ಕಾರಣವಾದ ವಂಶವಾಹಿ 2004ರಲ್ಲಿ ಪತ್ತೆಯಾಯಿತು. ಧಾನ್ಯಗಳಲ್ಲಿ ಭತ್ತ ಗಟ್ಟಿ, ಬಾರ್ಲಿ ಬಹಳ ಸುಕುಮಾರ. ಚಹಾ ಗಿಡವಂತೂ ಅಲ್ಯೂಮಿನಿಯಂ ಅನ್ನು ಹೀರಿ ಮುದಿ ಎಲೆಗಳಲ್ಲಿ ತುಂಬಿಟ್ಟುಕೊಳ್ಳುತ್ತದೆ.

ರೈತರ ಕೈಯಲ್ಲಿರುವ ಹಳೆಯ ಉಪಾಯ ಸುಣ್ಣ. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರಿಗೆ ಇದು ಹೊಸತಲ್ಲ. ಉತ್ತರ ಕನ್ನಡದ ಅಡಿಕೆ ತೋಟಗಳಿಗೆ ಬೆಟ್ಟದ ಸೊಪ್ಪು ಹಾಕುವ ಪದ್ಧತಿಯಲ್ಲೂ ತಿಳಿವಳಿಕೆಯಿದೆ: ಕೊಳೆತ ಸೊಪ್ಪಿನ ಸಾವಯವ ಆಮ್ಲಗಳು ಅಲ್ಯೂಮಿನಿಯಂ ಅನ್ನು ಬಂಧಿಸುತ್ತವೆ. ಊರಿನಲ್ಲಿ ತೋಟ ಉಳಿಸಿಕೊಂಡು ಹೇರೋಹಳ್ಳಿ, ಸುಂಕದಕಟ್ಟೆ ಕಡೆ ನೆಲೆಸಿದ ಪೋಷಕರು ಮುಂದಿನ ಸಲ ಹೋದಾಗ ಮಣ್ಣು ಪರೀಕ್ಷೆ ಮಾಡಿಸಲಿ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ರಸಸಾರದ ಅಂಕಿ ಇರುತ್ತದೆ. ಅದನ್ನು ನೋಡದೆ ಸುಣ್ಣ ಸುರಿಯುವುದು ನನಗೆ ಒಪ್ಪಿಗೆಯಿಲ್ಲ. ಅತಿಯಾದರೆ ಸತು, ಕಬ್ಬಿಣಗಳ ಕೊರತೆ ಕಾಣಿಸಿಕೊಳ್ಳುತ್ತದೆ. ಅದೇ ರೀತಿ, ಇಲ್ಲಿನ ಹೊಸ ಮನೆಗಳ ಅಂಗಳದಲ್ಲಿ ಗಾರೆ, ಸಿಮೆಂಟಿನ ಚೂರು ಬೆರೆತ ಮಣ್ಣಿಗೆ ಸುಣ್ಣದ ಅಗತ್ಯವೇ ಇಲ್ಲ. ಮಡಿಕೇರಿಯಿಂದ ತಂದ ನೀಲಿ ಹೈಡ್ರಾಂಜಿಯ ಅಂತಹ ಮಣ್ಣಿನಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ಅಚ್ಚರಿಪಡಬೇಡಿ. ಆ ನೀಲಿಗೆ ಬೇಕಾದದ್ದೂ ಕರಗಿದ ಅಲ್ಯೂಮಿನಿಯಂ!

ವಿದ್ಯಾರ್ಥಿಗಳು ಇದನ್ನು ಶಾಲೆಯಲ್ಲೇ ನೋಡಬಹುದು. ಗ್ರಂಥಿಗೆ ಅಂಗಡಿಯ ಪಟಿಕದಲ್ಲಿ ಅಲ್ಯೂಮಿನಿಯಂ ಇದೆ. ಒಂದು ಲೀಟರ್ ನೀರಿಗೆ ಒಂದು ಗ್ರಾಂ ಪಟಿಕ ಕರಗಿಸಿ. ನಾಲ್ಕು ತಟ್ಟೆಗಳಲ್ಲಿ ಹತ್ತಿಯ ಮೇಲೆ ಮೊಳಕೆಯೊಡೆದ ಹೆಸರುಕಾಳು ಇಡಿ. ಮೊದಲನೆಯದಕ್ಕೆ ಬರೀ ನೀರು, ಎರಡನೆಯದಕ್ಕೆ ಪಟಿಕದ ನೀರು. ಮೂರನೆಯದಕ್ಕೆ ಅಧ್ಯಾಪಕರು ಹೈಡ್ರೋಕ್ಲೋರಿಕ್ ಆಮ್ಲವನ್ನು ತೆಳುಮಾಡಿ, ಪಟಿಕದ ನೀರಿನಷ್ಟೇ ಪಿಎಚ್ ಬರುವಂತೆ ಮಾಡಿ ಕೊಡಲಿ. ಹುಳಿಯೊಂದರ ಪರಿಣಾಮವೆಷ್ಟು, ಅಲ್ಯೂಮಿನಿಯಂನದೆಷ್ಟು ಎಂದು ಬೇರ್ಪಡಿಸಲು ಇದು ಬೇಕೇ ಬೇಕು. ವಿನಿಗರ್ ಬೇಡ, ಅದು ತಾನೇ ಬೇರಿಗೆ ವಿಷ. ನಾಲ್ಕನೆಯದಕ್ಕೆ ಪಟಿಕದ ನೀರಿಗೆ ಎಲೆಅಡಿಕೆಯ ಸುಣ್ಣವನ್ನು ಚೂರುಚೂರೇ ಬೆರೆಸಿ, ನೀಲಿ ಲಿಟ್ಮಸ್ ಕೆಂಪಾಗದ ಹಂತಕ್ಕೆ ನಿಲ್ಲಿಸಿ. ಮೂರು ದಿನಗಳ ನಂತರ ಸ್ಕೇಲಿನಿಂದ ಬೇರುಗಳನ್ನು ಅಳೆದು ಬರೆದುಕೊಳ್ಳಿ. ಸುಣ್ಣ ಬೆರೆಸಿದ ನೀರಿನ ತಳದಲ್ಲಿ ನಿಂತ ಬಿಳಿ ಗಸಿಯಲ್ಲಿರುವುದು ಅಲ್ಯೂಮಿನಿಯಂ ಹೈಡ್ರಾಕ್ಸೈಡ್.