ಕಾಯಿ ಇಲ್ಲಿ, ದರ ಗಡಿಯಾಚೆ

ಮಾವಿನ ಊರೆಂದು ಹೆಸರು ಕೇಳಿ ಶ್ರೀನಿವಾಸಪುರಕ್ಕೆ ಹೋದವರು ಹಣ್ಣಿನ ಘಮ ಹುಡುಕುತ್ತಾರೆ. ಜೂನ್ ತಿಂಗಳಲ್ಲಿ ಅಲ್ಲಿನ ಮಂಡಿಯಲ್ಲಿ ಮೂಗಿಗೆ ಬಡಿಯುವುದು ಸೊನೆಯ ವಾಸನೆ. ರಾಶಿ ಬಿದ್ದಿರುವುದು ಹಣ್ಣಲ್ಲ, ಕಾಯಿ. ಅದರಲ್ಲೂ ಹೆಚ್ಚಿನದು ತೋತಾಪುರಿ. ಬಾದಾಮಿ, ರಸಪುರಿ, ಮಲ್ಲಿಕಾ ಎಂದರೆ ಬಾಯಿ ಚಪ್ಪರಿಸುವ ನಾವು ಈ ಗಿಣಿಮೂತಿಯ ಕಾಯಿಗೆ ಉಪ್ಪು-ಖಾರ ಸವರಿ ತಿಂದು ಮರೆತುಬಿಡುತ್ತೇವೆ. ಕೋಲಾರ ಜಿಲ್ಲೆಯ ಈ ಮಂಡಿಗೆ ಮಾತ್ರ ಅದೇ ಜೀವಾಳ.

ಇಲ್ಲಿನ ವ್ಯಾಪಾರ ಶುರುವಾಗುವುದು ತೋಟದಲ್ಲಿ. ಮರ ಹೂ ಬಿಟ್ಟಾಗಲೇ ಫಸಲನ್ನು ಗುತ್ತಿಗೆ ಹಿಡಿಯುವವರು ಬರುತ್ತಾರೆ. ಆಲಿಕಲ್ಲು ಬಿದ್ದರೂ ಗಾಳಿಗೆ ಕಾಯಿ ಉದುರಿದರೂ ಆಮೇಲಿನ ತಲೆನೋವು ಅವರದು. ಮಂಡಿಯವರಿಂದ ಮುಂಗಡ ತಂದವರು ಕಾಯಿಯನ್ನು ಅದೇ ಮಂಡಿಗೆ ಹಾಕಬೇಕು. ದರ ನೋಡಿ ಪಕ್ಕದ ಮಂಡಿಗೆ ತಿರುಗುವಂತಿಲ್ಲ.

ಟ್ರ್ಯಾಕ್ಟರು, ಲಗೇಜ್ ಆಟೊಗಳಿಂದ ಇಳಿದ ಕಾಯಿಯನ್ನು ಗಾತ್ರ ನೋಡಿ ವಿಂಗಡಿಸುತ್ತಾರೆ. ಕಲೆ ಬಿದ್ದದ್ದು ಬೇರೆ ರಾಶಿ. ಬಾದಾಮಿಗೆ ಕ್ರೇಟಿನ ಮರ್ಯಾದೆ, ತೋತಾಪುರಿಯನ್ನು ಲಾರಿಗೆ ಹಾಗೇ ಸುರಿಯುತ್ತಾರೆ. ಕನ್ನಡದಲ್ಲಿ ಶುರುವಾದ ಚೌಕಾಸಿ ತೆಲುಗಿನಲ್ಲಿ ಮುಗಿಯುತ್ತದೆ. ಕಮಿಷನ್ ಕೊಡಬೇಕಾದವನು ಕೊಳ್ಳುವವನು ಎನ್ನುತ್ತದೆ ಕಾನೂನು. ಆದರೆ ಅಧಿಕೃತ ರಸೀದಿಯ ಬದಲು ಕೊಡುವ ಬಿಳಿ ಚೀಟಿಯಲ್ಲಿ ಅದು ಮಾರುವವನ ದುಡ್ಡಿನಿಂದಲೇ ಕಡಿತವಾಗುತ್ತದೆ ಎಂಬುದು ರೈತರ ಹಳೆಯ ದೂರು.

ತೋತಾಪುರಿಯ ದಾರಿ ಹೆಚ್ಚಾಗಿ ಗಡಿಯಾಚೆಗೆ. ಚಿತ್ತೂರು, ಕೃಷ್ಣಗಿರಿ ಸುತ್ತಲಿನ ಕಾರ್ಖಾನೆಗಳಲ್ಲಿ ಅದು ತಿರುಳಾಗಿ, ಮುಂದೆ ಜ್ಯೂಸ್ ಬಾಟಲಿ ಸೇರುತ್ತದೆ. ಹಾಗಾಗಿ ದರ ಹೇಳುವವರೂ ಅಲ್ಲಿಯವರೇ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ತನ್ನ ಬೆಳೆಗಾರರನ್ನು ಕಾಯಲೆಂದು ಹೊರ ರಾಜ್ಯದ ತೋತಾಪುರಿಗೆ ತಡೆ ಹಾಕಿತು. ಇತ್ತ ಮಂಡಿಯಲ್ಲಿ ದರ ಕುಸಿಯಿತು, ರೈತರು ಬೀದಿಗಿಳಿದರು, ಮುಖ್ಯಮಂತ್ರಿ ಸಿದ್ದರಾಮಯ್ಯ ಆಂಧ್ರದ ಮುಖ್ಯಮಂತ್ರಿಗೆ ಪತ್ರ ಬರೆದರು. ಕೊನೆಗೆ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 1,616 ರೂಪಾಯಿ ದರ ಗೊತ್ತುಮಾಡಿ, 2.5 ಲಕ್ಷ ಟನ್‌ವರೆಗೆ ದರ ವ್ಯತ್ಯಾಸದ ಹಣ ಕೊಡಲು ಒಪ್ಪಿತು.

ಇಂಥ ಹಣಕ್ಕೆ ಮಾರಾಟದ ದಾಖಲೆ ಬೇಕು, ಬಿಳಿ ಚೀಟಿ ನಡೆಯದು. ಹೂವಿನಲ್ಲೇ ತೋಟ ಒಪ್ಪಿಸಿದ ರೈತನ ಬಳಿ ಆ ಚೀಟಿಯೂ ಇರುವುದಿಲ್ಲ. ಅದು ಗುತ್ತಿಗೆದಾರನ ಜೇಬಿನಲ್ಲಿ.