ಏರಿನಲ್ಲಿ ಸಿಕ್ಕಿಬೀಳುವ ಕಿಡಿ

ಅಪ್ಪನ ಜಾವಾ ಬೈಕ್ ಮೈಸೂರಿನ ಯಾದವಗಿರಿಯಿಂದ ಅಗ್ರಹಾರದವರೆಗೆ ಒಂದು ದಿನವೂ ಮುನಿದದ್ದಿಲ್ಲ. ಚಾಮುಂಡಿ ಬೆಟ್ಟದ ಏರು ಶುರುವಾಗಿ, ನಂದಿಯ ಕಡೆ ತಿರುಗುವ ದಾರಿ ಹತ್ತಿರ ಬಂತು ಅನ್ನುವಾಗ ಮಾತ್ರ ಮಿಸ್ಸಿಂಗ್ ಹೊಡೆಯುತ್ತಿತ್ತು. ಆಕ್ಸಿಲರೇಟರ್ ತಿರುವಿದಷ್ಟೂ ಉಸಿರು ಕಟ್ಟಿದಂತಾಗುವುದು, ಸ್ವಲ್ಪ ಸಡಿಲ ಬಿಟ್ಟರೆ ಮತ್ತೆ ಸರಿಹೋಗುವುದು. ಮೂವರು ಮೆಕ್ಯಾನಿಕ್‌ಗಳು ನೋಡಿದರು. ಹೊಸ ಪ್ಲಗ್ ಬಂತು, ಕಾರ್ಬುರೇಟರ್ ಎರಡು ಸಲ ಬಿಚ್ಚಿ ತೊಳೆದದ್ದಾಯಿತು, ಪೆಟ್ರೋಲಿನಲ್ಲಿ ನೀರು ಸೇರಿದೆಯೆಂದು ಟ್ಯಾಂಕ್ ಬರಿದು ಮಾಡಿದ್ದೂ ಆಯಿತು. ಪ್ರತಿ ಸಲವೂ ಪ್ಲಗ್ ಬಿಚ್ಚಿ, ಎಂಜಿನ್‌ಗೆ ಒರಗಿಸಿ, ಕಿಕ್ ಹೊಡೆದು ತೋರಿಸುತ್ತಿದ್ದರು: ‘ನೋಡಿ ಸಾರ್, ಕರೆಂಟ್ ಚೆನ್ನಾಗೇ ಬರ್ತಿದೆ.’ ಬರುತ್ತಿದ್ದದ್ದೂ ನಿಜ.

ನಾಲ್ಕನೆಯವರು ಜಾವಾ ಕಾರ್ಖಾನೆಯಲ್ಲೇ ಕೈ ಪಳಗಿಸಿಕೊಂಡಿದ್ದ ಹಿರಿಯರು. ಸ್ಪ್ಯಾನರ್ ಮುಟ್ಟುವ ಮೊದಲು ಅವರು ಕೇಳಿದ್ದು ಒಂದೇ ಮಾತು: ‘ಎಲ್ಲಿ ಕೈ ಕೊಡುತ್ತೆ ಸಾರ್?’ ಬೆಟ್ಟದಲ್ಲಿ ಎಂದರು ಅಪ್ಪ. ‘ಹಾಗಾದ್ರೆ ಸಂಜೆ ತನ್ನಿ, ಕತ್ತಲಾದ್ಮೇಲೆ.’

ಆ ಸಂಜೆ ಅವರು ಗ್ಯಾರೇಜಿನ ದೀಪ ಆರಿಸಿದರು. ಅವರ ಬಳಿ ಹಳೆಯ ಪ್ಲಗ್ ಒಂದಿತ್ತು. ಅದರ ಬಾಗಿದ ತುದಿಯನ್ನು ಎಬ್ಬಿಸಿ, ಕಿಡಿ ಆರೇಳು ಮಿಲಿಮೀಟರ್ ಹಾರಲೇಬೇಕು ಎನ್ನುವಂತೆ ಮಾಡಿಟ್ಟಿದ್ದರು. ಅದನ್ನು ಬೈಕಿನ ಪ್ಲಗ್ ಕ್ಯಾಪಿಗೆ ಸಿಕ್ಕಿಸಿ, ಎಂಜಿನ್ ಮೇಲಿಟ್ಟು ಕಿಕ್ ಹೊಡೆದರು. ತುದಿಯಲ್ಲಿ ಏನೂ ಇಲ್ಲ. ಕ್ಯಾಪಿನ ಪಕ್ಕದಿಂದ ನೀಲಿ ಎಳೆಯೊಂದು ಚಿಟ್ ಎಂದು ಎಂಜಿನ್ನಿನ ರೆಕ್ಕೆಗೆ ಹಾರಿತು. ಬೆಳಕಿನಲ್ಲಿ ನೋಡಿದರೆ ಕ್ಯಾಪಿನಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು.

ಸುಲಭದ ದಾರಿ ಸಿಕ್ಕಿದರೆ ಕಿಡಿ ಕಷ್ಟದ ದಾರಿಗೆ ಹೋಗುವುದಿಲ್ಲ. ಬಯಲಿನ ಗಾಳಿಯಲ್ಲಿ ಅರ್ಧ ಮಿಲಿಮೀಟರ್ ಹಾರಲು ಎರಡು ಮೂರು ಸಾವಿರ ವೋಲ್ಟ್ ಸಾಕು. ಅದೇ ಸಂದನ್ನು ಸಿಲಿಂಡರಿನೊಳಗೆ, ಪಿಸ್ಟನ್ ಅದುಮಿಟ್ಟ ಗಾಳಿಯಲ್ಲಿ ದಾಟಲು ಅದರ ಹಲವು ಪಟ್ಟು ಬೇಕು. ಒತ್ತಡ ಮತ್ತು ಅಂತರ ಹೆಚ್ಚಿದಂತೆ ಕಿಡಿಗೆ ಬೇಕಾದ ವೋಲ್ಟೇಜೂ ಏರುತ್ತದೆ ಎಂಬುದನ್ನು ಜರ್ಮನಿಯ ಫ್ರೀಡ್ರಿಶ್ ಪಾಶೆನ್ 1889ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಸಮತಟ್ಟಿನ ರಸ್ತೆಯಲ್ಲಿ ಆಕ್ಸಿಲರೇಟರ್ ಅರ್ಧ ತೆರೆದಾಗ ಎಂಜಿನ್ ಒಳಗೆಳೆದುಕೊಳ್ಳುವ ಗಾಳಿ ಕಡಿಮೆ, ಒತ್ತಡವೂ ಕಡಿಮೆ. ಬೆಟ್ಟದಲ್ಲಿ ಪೂರ್ತಿ ತೆರೆದಾಗ ಸಿಲಿಂಡರ್ ತುಂಬುತ್ತದೆ, ವೋಲ್ಟೇಜ್ ಏರುತ್ತದೆ, ಆಗ ಕ್ಯಾಪಿನ ಬಿರುಕು ಪ್ಲಗ್‌ಗಿಂತ ಹತ್ತಿರದ ಹಾದಿಯಾಗುತ್ತದೆ. ನನ್ನ ಮಟ್ಟಿಗೆ ಇಗ್ನಿಷನ್ ರಿಪೇರಿ ಎಂಬ ವಿದ್ಯೆಯ ಮುಕ್ಕಾಲು ಪಾಲು ಇಷ್ಟರಲ್ಲೇ ಇದೆ: ದೋಷವನ್ನು ಅದು ಹುಟ್ಟುವ ಒತ್ತಡದಲ್ಲೇ ಹಿಡಿಯಬೇಕು.

ಈ ವಿದ್ಯೆ ಮೈಸೂರಿನಲ್ಲಿ ಬೇರು ಬಿಟ್ಟದ್ದು ಸುಮ್ಮನೆ ಅಲ್ಲ. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ ಯಾದವಗಿರಿಯಲ್ಲಿ 1961ರಲ್ಲಿ ಬೈಕ್ ತಯಾರಿಕೆಗೆ ತೊಡಗಿತು. ಮೈಸೂರು ರಾಜ್ಯದ ಅಂದಿನ ರಾಜ್ಯಪಾಲ ಜಯಚಾಮರಾಜ ಒಡೆಯರ್ ಅದಕ್ಕೆ ಬೆಂಬಲವಾಗಿದ್ದರು. ಜೆಕೊಸ್ಲೊವಾಕಿಯಾದಿಂದ ಬಂದ ಜಾವಾ ಎಂಬ ಹೆಸರು 1973ರಲ್ಲಿ ಯೆಜ್ಡಿಯಾಯಿತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಅಲ್ಲಿ ಕಲಿತ ಕೈಗಳು ಮಾತ್ರ ಊರಿನ ಗ್ಯಾರೇಜುಗಳಲ್ಲಿ ಉಳಿದವು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನವೆಂದು ಹಳೆಯ ಬೈಕುಗಳು ಸಾಲಾಗಿ ಹೊರಟಾಗ ಕೇಳಿಸುವ ಸದ್ದಿನ ಹಿಂದೆ ಆ ಕೈಗಳಿವೆ.

ಹಳೆಯ ಜಾವಾದಷ್ಟು ಒಳ್ಳೆಯ ಪಾಠಶಾಲೆ ಇನ್ನೊಂದಿಲ್ಲ. 249 ಸಿಸಿ, ಟೂ ಸ್ಟ್ರೋಕ್, 6 ವೋಲ್ಟ್ ಬ್ಯಾಟರಿ. ಮೊಳೆಯಂಥ ಕೀ. ಬಲಗಡೆಯ ಮುಚ್ಚಳ ತೆಗೆದರೆ ಡೈನಮೋ, ಅದರ ಜೊತೆಗೆ ಪಾಯಿಂಟ್, ಕಂಡೆನ್ಸರ್ ಎಲ್ಲ ಕಣ್ಣೆದುರಿಗೇ. ಪಾಯಿಂಟ್ ಮುಚ್ಚಿದಾಗ ಕಾಯಿಲ್‌ಗೆ ಕರೆಂಟ್ ತುಂಬುತ್ತದೆ, ತೆರೆದ ಕ್ಷಣ ಕಿಡಿ ಹಾರುತ್ತದೆ. ಪಾಯಿಂಟ್ ಗ್ಯಾಪ್ 0.4 ಮಿಲಿಮೀಟರ್. ಟೈಮಿಂಗನ್ನು ಡಿಗ್ರಿಯಲ್ಲಿ ಹೇಳುವವರು ಕಡಿಮೆ. ಪಿಸ್ಟನ್ ತುದಿ ಮುಟ್ಟಲು ಇನ್ನೆಷ್ಟು ಮಿಲಿಮೀಟರ್ ಇದೆ ಎಂದೇ ಲೆಕ್ಕ. ಪಾಯಿಂಟ್ ಬಿಡುವ ಕ್ಷಣ ತಿಳಿಯಲು ಅದರ ನಡುವೆ ಸಿಗರೇಟ್ ಪ್ಯಾಕಿನ ತೆಳು ಹಾಳೆ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತಾ ಎಂಜಿನ್ ತಿರುಗಿಸುತ್ತಾರೆ. ಹಾಳೆ ಜಾರಿತೋ, ಅದೇ ಕ್ಷಣ. ಕಂಡೆನ್ಸರ್ ಸತ್ತರೆ ಪಾಯಿಂಟ್ ಸುಟ್ಟು ಕಪ್ಪಾಗುತ್ತದೆ. ಕಾಯಿಲ್ ದಣಿದರೆ ತಣ್ಣಗಿರುವಾಗ ಚೆನ್ನಾಗಿ ಓಡಿ, ಇಪ್ಪತ್ತು ನಿಮಿಷ ಕಾದ ಮೇಲೆ ಕೈ ಎತ್ತುತ್ತದೆ. ಆಗ ಮೈಕೋ ಪ್ಲಗ್ ಎಷ್ಟು ಬದಲಿಸಿದರೂ ಫಲವಿಲ್ಲ. (1951ರಲ್ಲಿ ಹುಟ್ಟಿದ, ಬೆಂಗಳೂರಿನ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಮೈಕೋ ಎಂಬ ಹೆಸರು ನಮ್ಮ ಕಡೆ ಪ್ಲಗ್‌ಗೇ ಇನ್ನೊಂದು ಹೆಸರಾಗಿಬಿಟ್ಟಿತ್ತು.)

ದೋಷವನ್ನು ಒತ್ತಡದಲ್ಲೇ ಹಿಡಿಯಬೇಕೆಂಬ ಪಾಠ ಟರ್ಬೊ ರೇಸ್ ಕಾರಿಗೆ ಎಷ್ಟು ಒಪ್ಪುತ್ತದೆ ಎಂಬುದು ನನಗೆ ತಿಳಿದದ್ದು ತಡವಾಗಿ. ಲಲಿತಮಹಲ್ ಬಳಿಯ ಮೈದಾನದಲ್ಲಿ ದಸರಾ ಸಮಯದ ಗ್ರಾವೆಲ್ ಫೆಸ್ಟ್‌ನಲ್ಲಿ ಧೂಳೆಬ್ಬಿಸುವ ಕಾರುಗಳನ್ನು ಮೈಸೂರಿಗರು ನೋಡಿದ್ದಾರೆ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ಏಷ್ಯಾ ಪೆಸಿಫಿಕ್ ರ್‍ಯಾಲಿ ಚಾಂಪಿಯನ್‌ಶಿಪ್‌ನ ಸುತ್ತು ನಡೆದಾಗ 1.6 ಲೀಟರಿನ ಟರ್ಬೊ ಕಾರುಗಳೂ ಓಡಿದ್ದವು. ಟರ್ಬೊ ಎಂದರೆ ಹೊಗೆಯ ರಭಸದಲ್ಲೇ ಚಕ್ರ ತಿರುಗಿಸಿ, ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ. ಒಂದು ಬಾರ್ ಬೂಸ್ಟ್ ಕೊಟ್ಟರೆ ಸಿಲಿಂಡರಿಗೆ ಹೋಗುವ ಗಾಳಿಯ ಒತ್ತಡ ಹೊರಗಿನದರ ಸುಮಾರು ಎರಡರಷ್ಟು. ಅಂದರೆ ಚಾಮುಂಡಿ ಬೆಟ್ಟದ ಏರನ್ನು ಎಂಜಿನ್ನಿನೊಳಗೇ ಹೊತ್ತು ಓಡಿದಂತೆ. ಅದಕ್ಕೇ ಇಂಥ ಕಾರುಗಳಲ್ಲಿ ಪ್ಲಗ್ ಗ್ಯಾಪನ್ನು 0.6, 0.7 ಮಿಲಿಮೀಟರಿಗೆ ಕುಗ್ಗಿಸುತ್ತಾರೆ. ಐಡ್ಲಿಂಗ್‌ನಲ್ಲಿ ಗಡಿಯಾರದಂತೆ ನಡೆಯುವ ಕಾರು ಬೂಸ್ಟ್ ಏರಿದೊಡನೆ ತೊದಲಿದರೆ ಮೊದಲು ನೋಡಬೇಕಾದ್ದೂ ಅದನ್ನೇ.

ಇನ್ನೊಂದು ಕಷ್ಟ ಸಮಯದ್ದು. ನಿಮಿಷಕ್ಕೆ 8000 ಸುತ್ತು ತಿರುಗುವ ಆರು ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್‌ಗೆ ಸೆಕೆಂಡಿಗೆ 400 ಕಿಡಿ ಬೇಕು. ಒಂದೇ ಕಾಯಿಲ್ ಇದ್ದರೆ ಒಂದು ಕಿಡಿಗೆ ಸಿಗುವುದು 2.5 ಮಿಲಿಸೆಕೆಂಡ್, ಅಷ್ಟರಲ್ಲಿ ಅದು ತುಂಬಬೇಕು, ಖಾಲಿಯಾಗಬೇಕು. ಪ್ರತಿ ಪ್ಲಗ್‌ಗೂ ಒಂದೊಂದು ಕಾಯಿಲ್ ಕೊಟ್ಟರೆ 15 ಮಿಲಿಸೆಕೆಂಡ್ ಸಿಗುತ್ತದೆ. ಆದರೂ ಬ್ಯಾಟರಿಯ ವೋಲ್ಟೇಜ್ ಕುಸಿದರೆ ಕಾಯಿಲ್ ನಿಧಾನವಾಗಿ ತುಂಬುತ್ತದೆ, ಕಿಡಿ ಬಡವಾಗುತ್ತದೆ. ಪೆಟ್ರೋಲ್ ಪಂಪ್ ಹೆಚ್ಚು ಕರೆಂಟ್ ಎಳೆಯುವುದೂ ಆ ಪೂರ್ಣ ಬೂಸ್ಟಿನಲ್ಲೇ. ಪಾಯಿಂಟ್ ಜಾಗದಲ್ಲಿ ಈಗ ಕ್ರ್ಯಾಂಕ್ ಸೆನ್ಸರ್ ಇದೆ. ಹಲ್ಲಿನ ಚಕ್ರದಲ್ಲಿ ಬೇಕೆಂದೇ ಬಿಟ್ಟ ಖಾಲಿ ಜಾಗ ನೋಡಿ ಪಿಸ್ಟನ್ ಎಲ್ಲಿದೆಯೆಂದು ಅದು ಕಂಪ್ಯೂಟರಿಗೆ ಹೇಳುತ್ತದೆ. ಅದರ ವೈರು ಪ್ಲಗ್ ವೈರಿನ ಪಕ್ಕದಲ್ಲೇ ಹಾದರೆ ಕಿಡಿಯ ಗದ್ದಲ ಅದರೊಳಗೆ ನುಸುಳಿ, ಕಂಪ್ಯೂಟರ್ ಇಲ್ಲದ ಹಲ್ಲನ್ನು ಎಣಿಸಿಬಿಡುತ್ತದೆ.

ಕಿಡಿ ಹಾರಿದ ಮೇಲೆ ಮಿಶ್ರಣ ಉರಿಯುವ ರೀತಿಯ ಬಗ್ಗೆಯೇ ವರ್ಷಗಟ್ಟಲೆ ತಲೆ ಕೆಡಿಸಿಕೊಂಡ ಮೈಸೂರಿಗರೂ ಇದ್ದಾರೆ. ಸೋಮೇಂದರ್ ಸಿಂಗ್ ಸಿಲಿಂಡರ್ ಹೆಡ್‌ನಲ್ಲಿ ಸಣ್ಣ ಕಾಲುವೆಗಳನ್ನು ಕೊರೆದು, ಮಿಶ್ರಣ ಕಲಕಿ ಬೇಗ ಉರಿಯುವಂತೆ ಮಾಡುವ ತಮ್ಮ ವಿನ್ಯಾಸಕ್ಕೆ 2001ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಗ್ಯಾರೇಜಿನಲ್ಲಿ ನಿಂತು ಮೂಲಕ್ಕೇ ಕೈಹಾಕುವ ಆ ಛಲ ಈ ಊರಿಗೆ ಒಪ್ಪುವಂಥದ್ದು.

ಊರ ಹೊರಗಿನ ಒಂದು ಗ್ಯಾರೇಜಿನಲ್ಲಿ ಕೆಲವು ವರ್ಷಗಳ ಹಿಂದೆ ಟರ್ಬೊ ರೇಸ್ ಕಾರೊಂದರ ಪಕ್ಕ ಇಡೀ ಮಧ್ಯಾಹ್ನ ಕಳೆದೆ. ಬೂಸ್ಟ್ ಒಂದು ಬಾರ್ ದಾಟಿದರೆ ಮಿಸ್‌ಫೈರ್. ಕಾಯಿಲ್‌ಗಳು ಹೊಸವು, ಪ್ಲಗ್‌ಗಳು ಹೊಸವು. ಲ್ಯಾಪ್‌ಟಾಪಿನಲ್ಲಿ ಗೀಟುಗಳು ಓಡುತ್ತಿದ್ದವು. ವೈರಿಂಗ್ ನೋಡುವ ಹುಡುಗ, ವಯಸ್ಸು ಇಪ್ಪತ್ತೈದೂ ಇರಲಾರದು, ಲ್ಯಾಪ್‌ಟಾಪ್ ಪಕ್ಕಕ್ಕಿಟ್ಟು ಮಲ್ಟಿಮೀಟರ್ ತೆಗೆದುಕೊಂಡ. ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ನೇರ ಸಿಲಿಂಡರ್ ಹೆಡ್ಡಿಗೆ. ಸ್ಟಾರ್ಟರ್ ತಿರುಗಿಸಲು ಹೇಳಿದ. ಅಲ್ಲಿ 0.2 ವೋಲ್ಟ್ ಮೀರಬಾರದು, ಮೀಟರ್ 0.9 ತೋರಿಸಿತು. ‘ಅರ್ಥಿಂಗ್ ಅಣ್ಣ,’ ಎಂದು ಕಾರಿನಡಿ ನುಗ್ಗಿದ. ಕಾರಿನ ಮೈಗೆ ಹೊಸದಾಗಿ ಬಣ್ಣ ಹೊಡೆದಾಗ ಅರ್ಥ್ ಪಟ್ಟಿ ಕೂರುವ ಜಾಗಕ್ಕೂ ಬಣ್ಣ ಹತ್ತಿತ್ತು. ಕರೆಂಟ್ ಹೋಗುವ ದಾರಿಯನ್ನು ಎಲ್ಲರೂ ನೋಡಿದ್ದರು, ಮರಳುವ ದಾರಿಯನ್ನು ಯಾರೂ ನೋಡಿರಲಿಲ್ಲ. ಬಣ್ಣ ಕೆರೆದು, ತಾಮ್ರದ ಪಟ್ಟಿ ಬಿಗಿದು, ಮತ್ತೆ ಅಳೆದಾಗ ಸಮಸ್ಯೆಯ ಗಂಟು ಬಿಚ್ಚಿತ್ತು. ಆದರೂ ಅವನು ಆಯಿತು ಎನ್ನಲಿಲ್ಲ. ನಿಂತಲ್ಲೇ ರೇಸ್ ಕೊಟ್ಟು ನೋಡಲೂ ಇಲ್ಲ. ಟ್ರ್ಯಾಕಿನಲ್ಲಿ ಪೂರ್ತಿ ಬೂಸ್ಟಿನಲ್ಲಿ ಓಡಿಸಿದ ಲಾಗ್ ತಂದು ತೋರಿಸಿ, ಆಮೇಲೆ ಮಾತಾಡೋಣ ಎಂದ.

ಅಪ್ಪನ ಜಾವಾಕ್ಕೆ ಹೊಸ ಕ್ಯಾಪ್ ಹಾಕಿದ ಆ ಸಂಜೆ ಹಿರಿಯರೂ ಹಣ ಮುಟ್ಟಿರಲಿಲ್ಲ. ‘ಬೆಟ್ಟ ಹತ್ತಿ ಬನ್ನಿ ಸಾರ್, ಆಮೇಲೆ ಕೊಡಿ.’ ಅಪ್ಪ ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಟರು. ಕೆಳಗೆ ಊರಿನ ದೀಪಗಳು ಹೊತ್ತಿಕೊಂಡಿದ್ದವು. ನಂದಿಯ ತಿರುವು ದಾಟುವವರೆಗೆ ಇಬ್ಬರೂ ಉಸಿರು ಬಿಗಿಹಿಡಿದು ಎಂಜಿನ್ ಸದ್ದನ್ನೇ ಕೇಳುತ್ತಿದ್ದೆವು.